ಎರಡು ಉಳಿಸು

ಕರಿಯ ಪರದೆಯ ಎಡಮೂಲೆಯಲ್ಲಿ ಒಂದು ಸಣ್ಣ ಬಿಳಿ ಗೆರೆ ಮಿನುಗುತ್ತಿತ್ತು; ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಅದರ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಅಂಥ ಭಾಗ ಯಾವುದೂ ಇಲ್ಲ. ಬಳ್ಳಾರಿಯ ಕಂಪ್ಯೂಟರ್ ರಿಪೇರಿ ಅಂಗಡಿಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತ ಪಂಪಾವತಿ ಅದನ್ನು ಬೆಳಗಿನಿಂದ ಎಷ್ಟನೆಯ ಸಲವೋ ಓದಿಕೊಂಡಳು. ಕುರುಗೋಡಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳಾದ್ದರಿಂದ ಯಾವ ವಾಕ್ಯ ಕಂಡರೂ ಇದರ ಕರ್ತೃ ಯಾರು ಎಂದು ಹುಡುಕುವುದು ಅವಳಿಗೆ ಚಟವೇ ಆಗಿಬಿಟ್ಟಿತ್ತು. ಈ ವಾಕ್ಯದಲ್ಲಿ ಕರ್ತೃ ಕಾಣುತ್ತಿರಲಿಲ್ಲ. ಆದರೆ ಪಕ್ಕದ ಸ್ಟೂಲಿನಲ್ಲೇ ಕುಳಿತಿದ್ದ, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ.

"ಹೆಸರಿಲ್ಲದ್ದೊಂದು ಇತ್ತಪ್ಪ," ಎಂದು ಗಂಡ ತಿಪ್ಪೇಶ ಅಂಗಡಿಯ ಹಂಪೇಶನಿಗೆ ವಿವರಿಸುತ್ತಿದ್ದ. "ಸಿ ಅಂತ ಒಂದಿತ್ತು, ಡಿ ಅಂತ ಒಂದಿತ್ತು. ಮೂರನೇದಕ್ಕ ಹೆಸರಾ ಇರ್ಲಿಲ್ಲ. ತಗದ್ರ ಒಳಗ ಏನೂ ಕಾಣ್ಲಿಲ್ಲ. ಸುಮ್ನ ಜಾಗ ತಿನ್ನಾಕತ್ತೈತಿ ಅಂತ ಅಳಿಸಿಬಿಟ್ಟೆ."

"ಅಳಸೂಮುಂದ ಕೇಳ್ತೈತಲ್ರಿ ಸರ್, ಖರೇನಾ ಅಳಿಸಲೇನು ಅಂತ?"

"ಕೇಳ್ತು. ಹೂಂ ಅಂದೆ."

ಇಬ್ಬರೂ ನಕ್ಕರು. ಪಂಪಾವತಿಯೂ ಸ್ವಲ್ಪ ನಕ್ಕಳು. ನಗದಿದ್ದರೆ ಯಾಕೆ ನಗಲಿಲ್ಲ ಎಂದು ಕೇಳುತ್ತಾನೆ, ಕೇಳಿದರೆ ಹೇಳಬೇಕಾಗುತ್ತದೆ. ಹೆಸರಿಲ್ಲದ್ದು. ಸಿರುಗುಪ್ಪದ ಸಾಲೆಯಲ್ಲಿ ಹಾಜರಿ ಕೂಗುವಾಗ ಎಲ್ಲರ ಹೆಸರಿನ ಮುಂದೆ ಅಪ್ಪನದೋ ಮನೆತನದ್ದೋ ಒಂದು ಅಕ್ಷರ ಇರುತ್ತಿತ್ತು. ಕೆ. ಅಂಜನಾ, ಎಂ. ಸುಧಾರಾಣಿ. ಅವಳ ಸರದಿ ಬಂದಾಗ ಮೇಷ್ಟ್ರು ಒಂದು ಉಸಿರಿನಷ್ಟು ಹೊತ್ತು ತಡೆದು, ಅಲ್ಲಿ ಏನೋ ಬಿದ್ದುಹೋಗಿದೆಯೇನೋ ಎಂಬಂತೆ ಪುಸ್ತಕ ಹತ್ತಿರ ಹಿಡಿದು ನೋಡಿ, ಆಮೇಲೆ ಬರೀ ಪಂಪಾವತಿ ಎನ್ನುತ್ತಿದ್ದರು. ಆ ತಡೆದ ಉಸಿರಿನ ಖಾಲಿಯೊಳಗೆ ಇಡೀ ವರ್ಗ ಅವಳ ಕಡೆ ತಿರುಗುತ್ತಿತ್ತು. ಅಕ್ಕಿ ಗಿರಣಿಯ ತೌಡಿನ ವಾಸನೆ ಕಿಟಕಿಯಿಂದ ಬರುತ್ತಿತ್ತು. ಅದೂ ಕೂಡ ತನ್ನ ಮೈಯಿಂದಲೇ ಬರುತ್ತಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು, ಯಾಕೆಂದರೆ ಗಿರಣಿಯ ಸಾವುಕಾರನೇ ಆ ಅಕ್ಷರವಾಗಬೇಕಾಗಿದ್ದವನು.

ಈ ಲ್ಯಾಪ್‌ಟಾಪಿಗೆ ಎರಡು ಬದುಕು ಇದ್ದವು. ಗುಂಡಿ ಒತ್ತಿದರೆ ಎರಡು ಸಾಲು ಮೂಡುತ್ತಿದ್ದವು, ಒಂದು ವಿಂಡೋಸ್, ಒಂದು ಲಿನಕ್ಸ್. ಮನೆಯಲ್ಲಿ ಆ ಹೆಸರುಗಳು ಬಳಕೆಯಲ್ಲಿರಲಿಲ್ಲ. ನನ್ನ ಕಡೀದು, ನಿನ್ನ ಕಡೀದು ಎಂದೇ ರೂಢಿ. ಒಂದರೊಳಗೆ ಇದ್ದಾಗ ಇನ್ನೊಂದು ಇಲ್ಲವೇ ಇಲ್ಲ. ದಾಟಬೇಕಾದರೆ ಪೂರ್ತಿ ಆರಿಸಿ ಮತ್ತೆ ಹೊತ್ತಿಸಬೇಕು. ಶಿಕ್ಷಕರ ತರಬೇತಿಯಲ್ಲಿ ಲಿನಕ್ಸ್ ಹಾಕಿಕೊಟ್ಟಿದ್ದರು. ಉಳಿದವರು ಊರಿಗೆ ಬಂದು ತೆಗೆಸಿದರು, ಅವಳು ಇಟ್ಟುಕೊಂಡಳು. ಅಲ್ಲಿ ಯಂತ್ರ ಕನ್ನಡದಲ್ಲಿ ಮಾತಾಡುತ್ತಿತ್ತು. ಬರಬರುತ್ತ ಅದಕ್ಕೆ ಕನ್ನಡ ಕಲಿಸುವ ಗುಂಪಿನಲ್ಲಿ ಅವಳೂ ಸೇರಿದಳು. ಕಾಣದ ಊರುಗಳ ಕಾಣದ ಜನರ ಜೊತೆ ಕೂತು ಗುಂಡಿಗಳಿಗೆ, ಎಚ್ಚರಿಕೆಗಳಿಗೆ, ಕಿಟಕಿಗಳಿಗೆ ಮಾತು ಹುಡುಕುವ ಕೆಲಸ. ಇದು ತಿಪ್ಪೇಶನಿಗೆ ಗೊತ್ತಿರಲಿಲ್ಲ. ಮುಚ್ಚಿಟ್ಟಿದ್ದಳು ಎಂದಲ್ಲ, ಅವನು ಕೇಳಿರಲಿಲ್ಲ. ಅವಳ ಕಡೆಯಿಂದ ಅವನ ಕಡೆಗೆ ದಾಟಿದಾಗಲೆಲ್ಲ ಗಡಿಯಾರ ಐದೂವರೆ ತಾಸು ಹಿಂದೆ ಬಿದ್ದಿರುತ್ತಿತ್ತು. "ನಿನ್ನ ಕಡೀಗೆ ಹೋಗಿಬಂದ್ರ ಇದಕ್ಕ ಹೊತ್ತಾ ತಿಳಿಯಂಗಿಲ್ಲ ನೋಡು," ಎಂದು ನಗುತ್ತಲೇ ತಿದ್ದುತ್ತಿದ್ದ. ಆ ನಗೆಯಲ್ಲಿ ಕೆಡುಕಿರಲಿಲ್ಲ. ಅವನಲ್ಲಿ ಯಾವುದರಲ್ಲೂ ಕೆಡುಕಿರಲಿಲ್ಲ, ಅದೇ ಅವಳಿಗೆ ತೊಡಕಾಗಿತ್ತು.

"ಸರ್, ಹೇಳ್ತೀನಿ ಕೇಳ್ರಿ," ಎಂದ ಹಂಪೇಶ್, ಯಂತ್ರದ ಬೆನ್ನಿನ ಮೇಲೆ ವೈದ್ಯನ ಹಾಗೆ ಅಂಗೈ ಇಟ್ಟು. "ಶುರುವಾಗೂಮುಂದ ಇದು ಮೇಡಮ್ಮಾರ ಕಡೀದನ್ನ ಹುಡುಕ್ಕೊಂಡು ಹೋಗ್ತೈತಿ. ಅದು ಇಲ್ಲ. ಅದಕ್ಕ ನಿಮ್ಮ ಕಡೀಗೂ ಹೋಗವಲ್ದು, ಬಾಗ್ಲಾಗಾ ನಿಂತೈತಿ. ಆ ಕಡೀದೆಲ್ಲ ಒರಸಿ ನಿಮ್ದೊಂದಾ ಇಟ್ಟುಬಿಡೂದು ಬೆಸ್ಟು."

"ನಂದು ಉಳದ್ರ ಸಾಕಪ್ಪ. ಭಾನುವಾರ ಸಿರುಗುಪ್ಪದಾಗ ಕಾರ್ಯಕ್ರಮ ಐತಿ, ಸ್ಲೈಡೆಲ್ಲ ಅದರಾಗಾ ಅದಾವು."

"ನಂದೂ ಐತಲ್ರಿ ಅದರಾಗ," ಎಂದಳು ಪಂಪಾವತಿ.

ಇಬ್ಬರೂ ತಿರುಗಿ ನೋಡಿದರು. ತಿಪ್ಪೇಶ ಮೆತ್ತಗೆ ಕೇಳಿದ, "ಏನೈತಿ? ಸಾಲಿ ಪ್ರಶ್ನೆಪತ್ರಿಕೆ ಏನು?"

"ಹೂಂ. ಅಂಥಾವು."

ಸುಳ್ಳು ನಾಲಿಗೆಯ ಮೇಲೆ ಉಪ್ಪಿಲ್ಲದ ಅನ್ನದ ಹಾಗೆ ಉಳಿಯಿತು. ಅವಳು ಚೀಲದ ಒಳಜೇಬಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟಳು. ಇದರಿಂದ ಶುರು ಮಾಡಿದರೆ ಅಳಿಸಿದ್ದನ್ನು ಹುಡುಕುವ ಒಂದು ಸಾಧನ ಇದೆ, ನೋಡಿ ಎಂದಳು. ಹಂಪೇಶ್ ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದ. "ನಮ್ಮಲ್ಲಿ ಇದನ್ನ ಯಾರೂ ತರಂಗಿಲ್ರಿ ಮೇಡಂ. ಬಿಡ್ರಿ, ನೋಡೂಣು," ಎಂದು ಯಂತ್ರಕ್ಕೆ ಚುಚ್ಚಿದ. ತಿಪ್ಪೇಶ ಹುಬ್ಬೇರಿಸಿ ಹೆಮ್ಮೆಯಿಂದ, "ನೋಡಪ್ಪ, ನಮ್ಮ ಮನ್ಯಾಗಾ ಎಂಜಿನಿಯರ್ ಅದಾಳ. ನಾ ಎಂಜಿನಿಯರ್ ಅಂತ ಕುಡತಿನಿ ಕರೆಂಟ್ ಪ್ಲಾಂಟಿಗೆ ಸುಮ್ನ ಹೋಗ್ತೀನಿ," ಎಂದ. ಅಷ್ಟರಲ್ಲಿ ಅವನ ಫೋನ್ ಬಂತು, ಎದ್ದು ಹೊರಗೆ ಹೋದ. ಗಾಜಿನ ಬಾಗಿಲ ಆಚೆ, ಬಿಸಿಲಲ್ಲಿ, ಅವನ ದನಿ ತುಂಡುತುಂಡಾಗಿ ಕೇಳುತ್ತಿತ್ತು. ಆ ಕಡೆ ಭೀಮರಾಜ ಇರಬೇಕು, ಸಿರುಗುಪ್ಪದ ಜಾಗೃತಿ ಕಾರ್ಯಕ್ರಮ ನಡೆಸುವವನು. "ನಮ್ಮತ್ತಿಯವರ ಫೋಟೊ ದೊಡ್ಡದಾಗಿ ಬರ್ಬೇಕು ಭೀಮರಾಜ್... ಹೌದೌದು, ಆಕಿನೂ ಬರ್ತಾಳ. ಆಕಿ ಬರ್ಲಿಲ್ಲಂದ್ರ ಹೆಂಗ?"

ಅವ್ವನ ಆ ಫೋಟೊ. ಮೋಕದ ಸ್ಟುಡಿಯೋದಲ್ಲಿ ತೆಗೆಸಿದ್ದು, ಹಸಿರು ಸೀರೆ, ಬಾಯಿ ಮುಚ್ಚಿಕೊಂಡು ಬಿಗಿಯಾಗಿ ಕೂತಿದ್ದಾಳೆ, ಯಾಕೆಂದರೆ ಅವತ್ತು ಹಲ್ಲುನೋವು. ಆ ಹಲ್ಲುನೋವು ತಿಪ್ಪೇಶನ ಸ್ಲೈಡಿನಲ್ಲಿ ಶತಮಾನಗಳ ನೋವಾಗಿತ್ತು. ಹೋದ ವರ್ಷ ಕುರುಗೋಡಿನಲ್ಲಿ, ಅವಳ ಸಾಲೆಯ ಎದುರಿನ ಸಭಾಭವನದಲ್ಲೇ, ಅವನು ಮೈಕಿನ ಮುಂದೆ ನಿಂತು, "ಊರ ಸಾವುಕಾರನೊಬ್ಬ ಇಟ್ಟುಕೊಂಡಿದ್ದ ತಾಯಿಯ ಮಗಳನ್ನು ನಾನು ಬುದ್ಧನ ಸಾಕ್ಷಿಯಾಗಿ ಕೈಹಿಡಿದೆ," ಎಂದಿದ್ದ. ಆಮೇಲೆ, "ಪಂಪಾ, ಎದ್ದು ನಿಲ್ಲು," ಎಂದ. ಎದ್ದು ನಿಂತಳು. ಚಪ್ಪಾಳೆ ಬಿತ್ತು. ಕೈಯಲ್ಲಿ ಅರ್ಧ ತಿಂದ ಮಂಡಕ್ಕಿಯ ಪೊಟ್ಟಣ ಇತ್ತು, ಅದನ್ನು ಎಲ್ಲಿಡಬೇಕು ಎಂಬುದೊಂದೇ ಆಗ ತಲೆಯಲ್ಲಿದ್ದದ್ದು. ಮರುದಿನ ಒಂಬತ್ತನೆಯ ತರಗತಿಯಲ್ಲಿ ಹುಡುಗಿಯರು ಎಂದಿಗಿಂತ ಹೆಚ್ಚು ಗೌರವದಿಂದ ಎದ್ದು ನಿಂತರು. ಆ ಗೌರವ ಮೇಷ್ಟ್ರ ತಡೆದ ಉಸಿರಿನಂತೆಯೇ ಇತ್ತು. ಎಷ್ಟು ಒಳ್ಳೆ ಗಂಡ ನಿಮಗೆ ಮೇಡಂ, ಎಂದಿದ್ದರು ಜೊತೆಯ ಶಿಕ್ಷಕಿಯರು. ಹೌದು ಎಂದಿದ್ದಳು. ಹೌದೇ. ಕೈ ಎತ್ತಿದವನಲ್ಲ, ದನಿ ಎತ್ತಿದವನಲ್ಲ. ಸಭೆಯಲ್ಲಿ ಮಾತ್ರ ಎತ್ತುತ್ತಾನೆ, ಅದೂ ಅವಳ ಪರವಾಗಿಯೇ.

"ಹುಡುಕಾಕತ್ತೈತ್ರಿ ಮೇಡಂ," ಎಂದ ಹಂಪೇಶ್. ಪರದೆಯ ಮೇಲೆ ನೀಲಿ ಪಟ್ಟಿ ಇರುವೆಯಂತೆ ತೆವಳುತ್ತಿತ್ತು. ಮೇಲೆ ಕನ್ನಡದಲ್ಲಿ: ಕಳೆದುಹೋದ ಭಾಗಗಳನ್ನು ಹುಡುಕಲಾಗುತ್ತಿದೆ. ಆ ಸಾಲು ಅವಳದೇ. ಕುರುಗೋಡಿನಿಂದ ಬಳ್ಳಾರಿಗೆ ಬರುವ ಸಂಜೆಯ ಬಸ್ಸಿನಲ್ಲಿ, ಕಿಟಕಿ ಪಕ್ಕ, ಮೊಬೈಲಿನಲ್ಲಿ ಬರೆದದ್ದು. ಮಾತು ಸಿಕ್ಕದಿದ್ದಾಗ ಅವ್ವನಿಗೆ ಫೋನ್ ಮಾಡುತ್ತಿದ್ದಳು. ಅವ್ವ ಹೊನ್ನೂರಮ್ಮ ಸಾಲೆಯ ಕಟ್ಟೆ ಹತ್ತಿದವಳಲ್ಲ. ಆದರೆ ಅವಳ ಬಾಯಲ್ಲಿ ಯಾವುದಕ್ಕೂ ಮಾತು ಇಲ್ಲ ಎಂಬುದೇ ಇರಲಿಲ್ಲ. ಒಂದಕ್ಕೆ ಕೇಳಿದರೆ ನಾಲ್ಕು ಕೊಡುತ್ತಿದ್ದಳು. ಮರೆತುಹೋಗಬಾರದೆಂದು ಪಂಪಾವತಿ ಆ ಮಾತುಕತೆಗಳನ್ನು ರೆಕಾರ್ಡ್ ಮಾಡಿ, ಫೋನ್ ತುಂಬಿದಾಗ ಲ್ಯಾಪ್‌ಟಾಪಿನ ತನ್ನ ಕಡೆಗೆ ಸಾಗಿಸುತ್ತಿದ್ದಳು. "ಬ್ಯಾಡಾಗಿದ್ದನ್ನ ಒಗಿಯೂ ಜಾಗಕ್ಕ ಏನಂತೀಬೇ?" "ತಿಪ್ಪಿ." "ಅಯ್ಯ, ಅದು ನಿನ್ನ ಅಳಿಯನ ಹೆಸರಾಗ್ತೈತಿ!" "ಆಗ್ಲಿ ಬಿಡ, ತಿಪ್ಪಿ ಇದ್ರಾನ ಹೊಲ," ಎಂದು ಅವ್ವ ಉಸಿರು ಸಿಕ್ಕಿಕೊಳ್ಳುವಷ್ಟು ನಕ್ಕಿದ್ದಳು. ಕೊನೆಗೆ ಕಸದಬುಟ್ಟಿ ಎಂದೇ ಬರೆದಳು. ಈಗ ಅವ್ವ ಇಲ್ಲ. ಹಳೆಯ ಫೋನೂ ಇಲ್ಲ. ನಗೆ ಮಾತ್ರ ಹೆಸರಿಲ್ಲದ ಆ ಭಾಗದೊಳಗೆ ಇತ್ತು. ತಿಪ್ಪೇಶ ಹೂಂ ಅಂದಿದ್ದ.

ಒಂದು ಸಂಜೆ ಬಸ್ಸಿನಲ್ಲಿ ಅವಳು ಕೇಳಿದ್ದು ಬೇರೆ ಮಾತು, ಇನ್ನೊಂದು ಗುಂಡಿಯ ಮೇಲೆ ಬರೆಯಲು. "ಒಂದು ಇರ್ತೈತಿಬೇ. ಅದನ್ನ ತಗೀಬಾರ್ದು, ಬದಲಾಯಿಸಬಾರ್ದು. ಅದಕ್ಕೊಂದಾ ಶಬ್ದ ಬೇಕು." ಅವ್ವ ತಡೆಯಲೇ ಇಲ್ಲ. "ಇಟ್ಟುಗೊ. ಅಷ್ಟಾ. ನಿಮ್ಮಪ್ಪ ನನ್ನ ಇಟ್ಟುಗೊಂಡಿದ್ದನಲ್ಲ, ಹಂಗ." ಮತ್ತೆ ಅದೇ ನಗೆ. "ಸಾಯೂತನಕ ತಗೀಲಿಲ್ಲ ನೋಡು ಮುದುಕ." ಬಸ್ಸಿನಲ್ಲಿ ಪಕ್ಕದ ಸೀಟಿನವನಿಗೆ ಕೇಳಿಸಿತೇನೋ ಎಂದು ಪಂಪಾವತಿ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ಆ ಕಡೆಯಿಂದ ಅವ್ವ ಸ್ವಲ್ಪ ಹೊತ್ತಿನ ಮೇಲೆ, "ಬ್ಯಾಡಾದ್ರ ಬಿಡವ್ವ. ಇರ್ಲಿ," ಎಂದಳು. ಇಟ್ಟುಕೋ ಎಂದು ಬರೆಯಲು ಬೆರಳು ಹೋಗಲಿಲ್ಲ. ಲಕ್ಷಾಂತರ ಜನ ಒತ್ತುವ ಗುಂಡಿಯ ಮೇಲೆ ಆ ಶಬ್ದ. ಕೇರಿಯ ನಲ್ಲಿಯ ಹತ್ತಿರ ಹೆಂಗಸರು ಬಾಯಿ ಕೊಂಕಿಸಿ ಆಡುತ್ತಿದ್ದ ಶಬ್ದ. ಅವಳು ಉಳಿಸು ಎಂದು ಬರೆದಳು. ಹೊಸ ಬರಹವನ್ನು ಕಾಪಿಡುವ ಗುಂಡಿಗೆ ಅದಾಗಲೇ ಉಳಿಸು ಎಂಬ ಹೆಸರಿತ್ತು. ಇರಲಿ, ಎರಡೂ ಒಂದೇ ಕಡೆ ಬರುವ ಸಂದರ್ಭ ಎಲ್ಲಿ ಬಂದೀತು ಎಂದುಕೊಂಡಿದ್ದಳು.

"ಸಿಕ್ತು!" ಎಂದ ಹಂಪೇಶ್. ಪರದೆಯ ತುಂಬ ರೆಕಾರ್ಡುಗಳ ಹೆಸರುಗಳು ಇಳಿದವು, ಅವ್ವನನ್ನು ಕೇಳಿದ ಒಂದೊಂದು ಮಾತಿಗೆ ಒಂದೊಂದು. ಎಳೆ. ಇಳಿಸು. ಜೋಡಿಸು. ತಿಪ್ಪಿ. ಇಟ್ಟುಕೋ. ಅವಳಿಗೆ ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ಪೊಲೀಸರ ಮೇಜಿನ ಮೇಲೆ ಕೂತಿದ್ದು ಕಂಡಂತಾಯಿತು. ಮುಟ್ಟಿ ಎತ್ತಿಕೊಳ್ಳುವ ಮೊದಲು ಇದು ನನ್ನದು ಎಂದು ಎಲ್ಲರೆದುರು ಹೇಳಬೇಕಿತ್ತು. "ಹಾಡೇನ್ರಿ ಇವು? ಸರಿ ಅದಾವೇನಿಲ್ಲ ನೋಡೂಣು," ಎನ್ನುತ್ತ, ಅವಳು ಬ್ಯಾಡ ಎನ್ನುವುದರೊಳಗೆ, ಅವನು ಕೊನೆಯದನ್ನು ಒತ್ತಿಬಿಟ್ಟ.

ಮೊದಲು ಬಸ್ಸಿನ ಸದ್ದು. ಆಮೇಲೆ ಅವ್ವ. ಅಷ್ಟು ಹತ್ತಿರ, ಹಲ್ಲುನೋವಿಲ್ಲದ ಬಾಯಿಂದ. *ಇಟ್ಟುಗೊ. ಅಷ್ಟಾ.* ಗಾಜಿನ ಬಾಗಿಲು ತೆರೆದು ಬಿಸಿಗಾಳಿಯ ಜೊತೆ ತಿಪ್ಪೇಶ ಒಳಗೆ ಬಂದದ್ದು ಅವಳಿಗೆ ಬೆನ್ನಿಗೇ ಗೊತ್ತಾಯಿತು. ಅವ್ವ ಮಾತು ಮುಗಿಸಿ ನಕ್ಕಳು; ನಗೆ ಅಂಗಡಿಯ ತುಂಬ, ಬಿಚ್ಚಿಟ್ಟ ಕೀಬೋರ್ಡುಗಳ ಮೇಲೆ, ತೂಗುಬಿಟ್ಟ ವೈರುಗಳ ಮೇಲೆ ಹರಡಿತು. ಹಂಪೇಶ್ ಮುಖ ಕೆಳಗೆ ಮಾಡಿ ಸದ್ದು ಕಡಿಮೆ ಮಾಡಿದ.

"ಅತ್ತಿ ದನಿ ಅಲ್ಲೇನ ಇದು?" ತಿಪ್ಪೇಶನ ಕಣ್ಣು ನಿಜವಾಗಿ ತುಂಬಿತ್ತು. "ಪಂಪಾ, ಇಷ್ಟು ದಿನ ಎಲ್ಲಿ ಇಟ್ಟಿದ್ದಿ ಇದನ್ನ?"

"ನನ್ನ ಕಡೀಗೆ ಇತ್ತು."

"ಅಯ್ಯೋ, ಅದನ್ನಾ ಅಳಸಿದ್ನೇನು ನಾನು!" ಅವನು ಹಣೆ ಬಡಿದುಕೊಂಡ. ಆ ಪಶ್ಚಾತ್ತಾಪ ಎಷ್ಟು ಶುದ್ಧವಾಗಿತ್ತೆಂದರೆ ಅವಳಿಗೇ ಅವನ ಹೆಗಲು ಮುಟ್ಟಬೇಕೆನ್ನಿಸಿತು. ಅವನು ಸ್ಟೂಲು ಎಳೆದು ಹತ್ತಿರ ಕೂತ. "ಇದನ್ನ ಭಾನುವಾರ ಕೇಳಸಬೇಕು ಪಂಪಾ. ಫೋಟೊ ಬರೂಮುಂದ ಹಿಂದಿಂದ ಈ ದನಿ. 'ನನ್ನ ಇಟ್ಟುಗೊಂಡಿದ್ದನಲ್ಲ.' ಇಷ್ಟಾ ಸಾಕು. ನಾ ತಾಸುಗಟ್ಲೆ ಹೇಳೂದನ್ನ ಆಕಿ ಒಂದಾ ಮಾತಿನಾಗ ಹೇಳ್ಯಾಳ. ಜನ ಅಳ್ತಾರ."

"ಅದರಾಗ ಅವ್ವ ನಗಾಕತ್ಯಾಳಲ್ರಿ."

"ನಗೂದನ್ನ ಕತ್ತರಿಸಬೌದು. ಅಲ್ಲೇನ್ ಹಂಪೇಶ್?"

"ಆಗ್ತೈತ್ರಿ ಸರ್. ಎರಡು ನಿಮಿಷದ ಕೆಲಸ."

"ಬ್ಯಾಡ್ರಿ," ಎಂದಳು.

"ಯಾಕ?"

ಯಾಕೆ ಎಂದರೆ ಏನು ಹೇಳುವುದು. ಅದು ನನಗೆ ಹೇಳಿದ ಮಾತು, ಸಭೆಗಲ್ಲ. ಅವ್ವ ಯಾವ ಕೂಪದಿಂದಲೂ ಕೂಗುತ್ತಿರಲಿಲ್ಲ. ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತು ಫೋನಿನಲ್ಲಿ ಮಗಳ ಜೊತೆ ಹರಟೆ ಹೊಡೆಯುತ್ತಿದ್ದಳು. ನೋವಿತ್ತು, ಅವಳಿಗೆ ಇಲ್ಲದೆ ಯಾರಿಗಿತ್ತು. ಆದರೆ ಅದನ್ನು ಎಲ್ಲಿ ಇಡಬೇಕೋ ಅಲ್ಲಿಟ್ಟು ಮೇಲೆ ನಗೆಯ ಮುಚ್ಚಳ ಹಾಕಿದ್ದಳು. ಮುಚ್ಚಳ ತೆಗೆದು ಪಾತ್ರೆ ಮಾತ್ರ ತೋರಿಸುತ್ತೀರಲ್ಲ. ಹೊರಗೆ ಬಂದದ್ದು ಇಷ್ಟೇ: "ನನಗ ಸರಿ ಅನಸವಲ್ದು."

"ನಾಚಿಕಿ ಏನು?" ಅವನು ಪ್ರೀತಿಯಿಂದಲೇ ಕೇಳಿದ. "ನಾಚಿಕಿ ಬಿಡ್ರಿ ಅಂತನಾ ಅಲ್ಲೇನ ನಾವು ಇಷ್ಟು ವರ್ಷ ಹೇಳಿದ್ದು? ನೀನಾ ಹಿಂಗಂದ್ರ?"

ಅಲ್ಲಿಗೆ ಮುಗಿಯಿತು. ಬೇಡ ಎಂದರೆ ತಾಯಿಯ ಬಗ್ಗೆ ನಾಚುವ ಮಗಳು. ಹೂಂ ಎಂದರೆ ತಾಯಿಯ ನಗೆ ಕತ್ತರಿಸಲು ಬಿಟ್ಟ ಮಗಳು. ಮೂರನೆಯವಳಿಗೆ ಅವನ ಮಾತಿನಲ್ಲಿ ಜಾಗವಿರಲಿಲ್ಲ. ಇನ್ನೂ ಕೆಟ್ಟದ್ದೆಂದರೆ, ನಾಚಿಕೆ ಇಲ್ಲ ಎಂದು ಅವಳು ಆಣೆ ಮಾಡಿ ಹೇಳುವ ಹಾಗೂ ಇರಲಿಲ್ಲ. ಇದ್ದದ್ದಕ್ಕೇ ತಾನೆ ಅವತ್ತು ಬಸ್ಸಿನಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡದ್ದು.

"ಅಲ್ರೀ, ಇದೇನಿದು?" ಎಂದ ಹಂಪೇಶ್.

ಪರದೆಯ ನಡುವೆ ಒಂದು ಚಿಕ್ಕ ಕಿಟಕಿ ತೆರೆದಿತ್ತು. ಡಿಸ್ಕಿನ ಈಗಿನ ಸ್ಥಿತಿಗೂ ಸಿಕ್ಕಿದ ಸ್ಥಿತಿಗೂ ವ್ಯತ್ಯಾಸವಿದೆ. ಏನು ಮಾಡಬೇಕು? ಕೆಳಗೆ ಎರಡು ಗುಂಡಿ. ಎಡಗಡೆಯದು: ಉಳಿಸು. ಬಲಗಡೆಯದು: ಉಳಿಸು.

ತಿಪ್ಪೇಶ ಹೊಟ್ಟೆ ಹಿಡಿದು ನಗತೊಡಗಿದ. "ಎರಡೂ ಉಳಿಸು ಅಂತೈತಲ್ಲಪ್ಪಾ! ಕೊಲ್ಲೂ ಮಾತಾ ಇಲ್ಲ!"

"ಯಾವ ದನಾಕಾಯೂ ಮಗ ಮಾಡ್ಯಾನ್ರಿ ಇದನ್ನ ಕನ್ನಡಕ್ಕ?" ಹಂಪೇಶ್‌ಗೆ ನಗು ಬರಲಿಲ್ಲ. "ಇಂಗ್ಲಿಷಾಗ ಇದ್ರ ತಿಳೀತಿತ್ತು. ಒಂದು ಒತ್ತಿದ್ರ ಮೇಡಮ್ಮಾರದು ವಾಪಸ್ ಬರ್ತೈತಿ. ಇನ್ನೊಂದು ಒತ್ತಿದ್ರ ಈಗ ಹೆಂಗೈತೋ ಹಂಗಾ, ಅವರದು ಹೋದಂಗಾ. ಯಾವ್ದು ಯಾವ್ದೋ."

"ಬಂದ್ ಮಾಡಿ ಮತ್ತ ಶುರು ಮಾಡು."

"ನಡುವ ಬಂದ್ ಮಾಡಿದ್ರ ನಿಮ್ದೂ ಹೋಗಬೌದ್ರಿ ಸರ್. ಗ್ಯಾರಂಟಿ ಕೊಡಾಕ ಬರಂಗಿಲ್ಲ."

ತಿಪ್ಪೇಶನ ನಗೆ ನಿಂತಿತು. ಅವನು ಹೆಂಡತಿಯ ಕಡೆ ತಿರುಗಿದ. "ಕನ್ನಡ ಟೀಚರ್ ನೀನು. ಹೇಳು."

ಅವಳಿಗೆ ಗೊತ್ತಿತ್ತು. ಇಡೀ ಬಳ್ಳಾರಿಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಆ ಸಂಜೆ ಇಂಗ್ಲಿಷ್ ಸಾಲುಗಳು ಮೊಬೈಲಿನಲ್ಲಿ ಒಂದರ ಕೆಳಗೊಂದು ಇದ್ದವು, ಮೊದಲು ಇದ್ದದ್ದೇ ಇಟ್ಟುಕೊಳ್ಳುವ ಮಾತು, ಆಮೇಲೆ ಹೊಸದನ್ನು ಬರೆದು ಉಳಿಸುವ ಮಾತು. ಎಡಗಡೆಯದು ಅವ್ವನ ಇಟ್ಟುಗೊ, ಅವಳು ನಾಚಿ ಬರೆಯದೆ ಬಿಟ್ಟದ್ದು. ಅದನ್ನು ಒತ್ತಿದರೆ ಡಿಸ್ಕು ಈಗಿರುವಂತೆಯೇ ಇರುತ್ತದೆ, ಅವ್ವ ಇರುವುದಿಲ್ಲ. ಬಲಗಡೆಯದನ್ನು ಒತ್ತಿದರೆ ಅವ್ವ ವಾಪಸು ಬರುತ್ತಾಳೆ, ಬಂದು ಭಾನುವಾರ ವೇದಿಕೆ ಹತ್ತುತ್ತಾಳೆ, ನಗೆ ಕಳಚಿಟ್ಟು. ಸಿರುಗುಪ್ಪದಲ್ಲೇ. ನಲ್ಲಿಯ ಹತ್ತಿರದ ಹೆಂಗಸರು ಈಗ ಮುದುಕಿಯರಾಗಿ ಮುಂದಿನ ಸಾಲಿನಲ್ಲಿ ಕೂತಿರುವ ಊರಿನಲ್ಲಿ. ಆಮೇಲೆ ಕೊಪ್ಪಳದಲ್ಲಿ, ರಾಯಚೂರಿನಲ್ಲಿ, ಎಲ್ಲರ ಫೋನುಗಳಲ್ಲಿ, ಅದೊಂದೇ ತುಂಡು, ನನ್ನ ಇಟ್ಟುಗೊಂಡಿದ್ದನಲ್ಲ, ನನ್ನ ಇಟ್ಟುಗೊಂಡಿದ್ದನಲ್ಲ.

"ನಾ ಒತ್ತತೀನಿ, ಸರೀರಿ," ಎಂದಳು.

ಹಂಪೇಶ್ ಕುರ್ಚಿ ಬಿಟ್ಟುಕೊಟ್ಟ. ಕುರ್ಚಿ ಅವನ ಮೈಯ ಬಿಸಿಗೆ ಬೆಚ್ಚಗಿತ್ತು. ಎರಡು ಉಳಿಸುಗಳ ನಡುವೆ ಬಾಣದ ಗುರುತು ನಿಂತಿತ್ತು. ಅವಳು ಎಡಕ್ಕೆ ಒಯ್ದು ಒತ್ತಿದಳು.

ಪಟ್ಟಿ ಖಾಲಿಯಾಯಿತು. ಎಳೆ, ಇಳಿಸು, ಜೋಡಿಸು, ತಿಪ್ಪಿ ಯಾವುದೂ ಇರಲಿಲ್ಲ. ಹಂಪೇಶ್, "ಹೋತ್ರಿ ಮೇಡಂ," ಎಂದ, ಸತ್ತ ಮನೆಗೆ ಬಂದವನ ದನಿಯಲ್ಲಿ. ತಿಪ್ಪೇಶ ಅವಳ ಬೆನ್ನ ಮೇಲೆ ಕೈಯಿಟ್ಟ. "ನಿಂದೇನ್ ತಪ್ಪಿಲ್ಲ. ಯಾವನೋ ದಡ್ಡ ಮಾಡಿಟ್ಟಿದ್ದು. ಅಳಬ್ಯಾಡ." ಅಳುತ್ತಿದ್ದೇನೆ ಎಂಬುದು ಅವಳಿಗೆ ಆಗ ತಿಳಿಯಿತು. ಹಂಪೇಶ್ ತನ್ನ ಡಿಸ್ಕು ಹಾಕಿ ಏನೇನೋ ಮಾಡಿ ವಿಂಡೋಸನ್ನು ಎಬ್ಬಿಸಿದ. ಖಾಲಿ ಬಿದ್ದ ಜಾಗವನ್ನು ಸರ್ ಅವರ ಕಡೆಗೇ ಕೂಡಿಸಲೇ ಎಂದು ಅವಳನ್ನು ಕೇಳಿದ, ಕೂಡಿಸಿದ ಮೇಲೆ ಮತ್ತೆ ಹುಡುಕಲು ಬರುವುದಿಲ್ಲ ಎಂದೂ ಹೇಳಿದ. ಅವಳು ಕೂಡಿಸ್ರಿ ಎಂದಳು. ಗಡಿಯಾರ ಸರಿಯಾಗಿಯೇ ಇತ್ತು. ಇನ್ನು ಅದು ತಪ್ಪುವುದಿಲ್ಲ.

ಸ್ಕೂಟರಿನಲ್ಲಿ ಇಬ್ಬರ ನಡುವೆ ಲ್ಯಾಪ್‌ಟಾಪಿನ ಚೀಲ ಇತ್ತು. ರಾಯಲ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿಲು ಟಾರಿನಿಂದ ಎದ್ದು ಪಾದಕ್ಕೆ ಬಡಿಯುತ್ತಿತ್ತು. ತಿಪ್ಪೇಶ ಮುಂದೆ ನೋಡುತ್ತಲೇ ಮಾತಾಡುತ್ತಿದ್ದ. ದನಿ ಹೋದರೇನು, ಆ ಮಾತು ಅವನು ಕೇಳಿದ್ದಾನೆ, ಅದನ್ನು ತಾನೇ ಹೇಳುತ್ತಾನೆ, ಜನರಿಗೆ ಮುಟ್ಟುತ್ತದೆ. ಅವಳು ಆ ಅಗಲ ಬೆನ್ನನ್ನು, ಅಂಗಿಯ ಮೇಲೆ ಮೂಡಿದ ಬೆವರಿನ ನಕ್ಷೆಯನ್ನು ನೋಡಿದಳು. ಹಾಗಾದರೆ ಏನನ್ನು ಉಳಿಸಿದೆ? ಅವ್ವನನ್ನು ಅವರ ಕೈಯಿಂದ ಉಳಿಸಿದೆನೋ, ಅವ್ವನ ಕೈಯಿಂದ ನನ್ನನ್ನು ಉಳಿಸಿಕೊಂಡೆನೋ. ಒಳಗೂ ಎರಡು ಗುಂಡಿ ಇದ್ದವು, ಎರಡರ ಮೇಲೂ ಒಂದೇ ಮಾತು. ಯಾವುದನ್ನು ಒತ್ತಿದೆ ಎಂದು ಅಲ್ಲಿ ಅವಳಿಗೂ ಗೊತ್ತಿರಲಿಲ್ಲ. "ಬ್ಯಾಡಾದ್ರ ಬಿಡವ್ವ," ಎಂದಿದ್ದಳು ಅವ್ವ. ಬಿಡವ್ವ, ಆಮೇಲೆ ಏನೋ ಒಂದು. ಆಗ ಅದು ಮಾತು ಎಂದೇ ಕಿವಿಗೆ ಬಿದ್ದಿರಲಿಲ್ಲ, ಫೋನಿಡುವ ಮೊದಲಿನ ನಿಟ್ಟುಸಿರು ಎಂದುಕೊಂಡಿದ್ದಳು.

ಇರ್ಲಿ.

ತೆಗೆಯಬಾರದು, ಬದಲಾಯಿಸಬಾರದು. ಅದಕ್ಕೊಂದೇ ಶಬ್ದ. ಅವ್ವ ಕೊಟ್ಟೇ ಇದ್ದಳು.

ಸಿಗ್ನಲ್ ಇನ್ನೂ ಕೆಂಪಗಿತ್ತು. ಅವಳು ಮೊಬೈಲ್ ತೆಗೆದು ಕನ್ನಡ ಕಲಿಸುವ ಗುಂಪಿನ ಪುಟಕ್ಕೆ ಹೋಗಿ, ಆ ಸಾಲನ್ನು ಹುಡುಕಿ, ತನ್ನ ಹಳೆಯ ಮಾತನ್ನು ಅಳಿಸಿ, ಇರಲಿ ಎಂದು ಬರೆದಳು. ಮೂರು ಅಕ್ಷರ. ಪೆಟ್ಟಿಗೆಯ ಕೆಳಗೆ ಒಂದೇ ಒಂದು ಗುಂಡಿ ಇತ್ತು. ಅದರ ಮೇಲೆ ಉಳಿಸು ಎಂದಿತ್ತು. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು, ಸ್ಕೂಟರ್ ಜಿಗಿಯಿತು, "ಗಟ್ಟಿ ಹಿಡ್ಕೊ ಪಂಪಾ," ಎಂದ ತಿಪ್ಪೇಶ, ಮತ್ತು ಅವಳು ಒಂದು ಕೈಯಿಂದ ಅವನ ಸೊಂಟ ಹಿಡಿದುಕೊಂಡು, ಇನ್ನೊಂದು ಕೈಯ ಹೆಬ್ಬೆರಳನ್ನು ಆ ಮಾತಿನ ಮೇಲೆ ಎತ್ತಿ ಹಿಡಿದೇ ಕೂತಿದ್ದಳು.